ತೂಗುಬಳ್ಳಿ ಸಾರು

ತೂಗುಬಳ್ಳಿ ಸಾರು ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥವಲ್ಲ. ತೆಲಂಗಾಣದಲ್ಲಿ ಶಾಲೆಯ ಮೇಷ್ಟರನ್ನು ‘ಸಾರು’ ಎಂದು ಕರೆಯುವುದು ವಾಡಿಕೆ. ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ಕನ್ನಡದ ಮನೆಗಳಲ್ಲೂ ಈ ಮಾತು ಓಡಾಡುತ್ತದೆ. ಮೈಸೂರು ಸೀಮೆಯಿಂದ ಹೊಸದಾಗಿ ಬಂದ ಬೀಗರು ಮಾತ್ರ ‘ಸಾರು ಬಂದ್ರು’ ಎಂದಾಗ ಬಾಗಿಲ ಕಡೆ ನೋಡದೆ ಅಡುಗೆಮನೆ ಕಡೆ ನೋಡುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಗಣಿತ ಹೇಳಿ, 61ನೇ ವಯಸ್ಸಿಗೆ ನಿವೃತ್ತರಾಗಿ, ಗದರಿಸಲು ಮಕ್ಕಳಿಲ್ಲದೆ ಮನೆಯೊಳಗೆ ಜೋತುಬೀಳುವ ರಸಗಿಡಗಳನ್ನು ಸಾಕಲು ಕೂತವರಿಗೆ ಈ ಹೆಸರು ಸಲ್ಲುತ್ತದೆ. ಎಲೆಯಲ್ಲೋ ಕಾಂಡದಲ್ಲೋ ನೀರು ಕೂಡಿಟ್ಟುಕೊಂಡು ಬರಗಾಲ ಕಳೆಯುವ ಈ ಗಿಡಗಳಿಗೆ ನರ್ಸರಿಯವರು ಸಕ್ಯುಲೆಂಟ್ ಎನ್ನುತ್ತಾರೆ.

ಇಂಥವರು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದ್ದಾರೆ. ಅಲ್ಲಿ ಬ್ಯಾಂಕಿನಿಂದ ನಿವೃತ್ತರಾದವರದು ಮೇಲುಗೈ. ಆದರೆ ಬೆಂಗಳೂರಿನ ಹವೆಗೆ ಗಿಡ ತಾನಾಗಿಯೇ ಬದುಕಿಬಿಡುತ್ತದೆ, ಸಾಕಿದವರ ಗುಣ ಹೊರಬೀಳುವುದಿಲ್ಲ. ಅದನ್ನು ನೋಡಬೇಕಾದರೆ ಉಂಡವಳ್ಳಿಗೆ ಬರಬೇಕು. ಹೈದರಾಬಾದಿನಿಂದ ಬೆಂಗಳೂರಿಗೆ ಹೋಗುವ 44ನೇ ಹೆದ್ದಾರಿಯ ಸೆರಗಿನಲ್ಲಿ, ಕೃಷ್ಣೆ–ತುಂಗಭದ್ರೆಯರ ನಡುವೆ, ನಡಿಗಡ್ಡ ಎಂದು ಕರೆಸಿಕೊಳ್ಳುವ ಸೀಮೆಯಲ್ಲಿದೆ ಈ ಊರು. 2016ರ ಅಕ್ಟೋಬರ್‌ನಲ್ಲಿ ಜೋಗುಳಾಂಬ ಗದ್ವಾಲ ಎಂಬ ಹೊಸ ಜಿಲ್ಲೆಯಾದಾಗ ಇದೂ ಒಂದು ಮಂಡಲದ ಊರಾಯಿತು. ಹತ್ತಿರದಲ್ಲೇ ಬಾದಾಮಿ ಚಾಲುಕ್ಯರ ಗುಡಿಗಳಿರುವ ಆಲಂಪುರ, ಹೊಳೆ ದಾಟಿದರೆ ಕರ್ನೂಲು. ಸುತ್ತ ಎರೆಹೊಲ, ಹತ್ತಿ, ಮೆಣಸಿನಕಾಯಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಯಾರಿಗೂ ಸುದ್ದಿಯಲ್ಲ. ಮಣ್ಣು ಒಗ್ಗದು, ನೀರು ಒಗ್ಗದು, ಬಿಸಿಲು ಒಗ್ಗದು ಎಂಬಂಥ ಜಾಗದಲ್ಲಿ ಒಂದು ಗಿಡವನ್ನು ಹಟ ಹಿಡಿದು ಸಾಕುವುದರಲ್ಲೇ ಸಾರಿನ ವ್ಯಕ್ತಿತ್ವ ಅರಳುತ್ತದೆ.

ರೋಗ ಹತ್ತುವುದು ಸಾಮಾನ್ಯವಾಗಿ ಮಗಳಿಂದ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ದಸರಾ ರಜೆಗೆ ಬರುವಾಗ ಬ್ಯಾಗಿನಲ್ಲಿ ಅಂಗೈಯಗಲದ ಒಂದು ಕುಂಡ ತರುತ್ತಾಳೆ. ಕುಂಡದ ಅಂಚಿನಿಂದ ಹಸಿರು ದಾರದಂಥ ಬಳ್ಳಿ ಇಳಿಬಿದ್ದಿರುತ್ತದೆ, ದಾರದ ತುಂಬ ಹಸಿ ಬಟಾಣಿಯಂಥ ಎಲೆಗಳು. “ಅಪ್ಪಾ, ಇದಕ್ಕ ಏನೂ ಮಾಡೂದು ಬ್ಯಾಡ. ಸುಮ್ನ ಬಿಟ್ಟ್ರ ಸಾಕು” ಎಂದು ಹೇಳಿ ಹೋಗುತ್ತಾಳೆ. ಆ ಗಿಡದ ಕೃಷಿ ವಿಜ್ಞಾನವೆಲ್ಲ ಆ ಎರಡು ವಾಕ್ಯಗಳಲ್ಲಿದೆ. ಆದರೆ ‘ಸುಮ್ನ ಕೂಡಬ್ಯಾಡ್ರಿ’ ಎಂದು ಮೂರು ತಲೆಮಾರಿನ ಮಕ್ಕಳಿಗೆ ಹೇಳಿದ ಮನುಷ್ಯನ ಕೈಯಲ್ಲಿ ಆಗದ ಕೆಲಸವೆಂದರೆ ಇದೊಂದೇ.

ಮೊದಲ ಗಿಡ ಹದಿನೈದು ದಿನಕ್ಕೆ ಸಾಯುತ್ತದೆ. ಅಲ್ಲಿಂದ ಅಧ್ಯಯನ ಶುರುವಾಗುತ್ತದೆ. ಮುತ್ತಿನ ಸರ ಎಂದು ಮಾರುವ ಆ ಬಳ್ಳಿ ದಕ್ಷಿಣ ಆಫ್ರಿಕದ್ದು. ಹಳೆಯ ಶಾಸ್ತ್ರೀಯ ಹೆಸರು ಸೆನೆಸಿಯೊ ರೋಲಿಯಾನಸ್, ಈಚಿನದು ಕ್ಯೂರಿಯೊ ರೋಲಿಯಾನಸ್. ಸಾರು ಹೊಸ ಹೆಸರನ್ನೇ ಹೇಳುತ್ತಾರೆ, ಎದುರಿಗಿದ್ದವರು ಹಳೆಯದನ್ನು ಹೇಳಿದರೆ ತಿದ್ದುತ್ತಾರೆ. ಉಂಡವಳ್ಳಿಯಲ್ಲಿ ಎರಡರಲ್ಲಿ ಒಂದನ್ನೂ ಹೇಳುವವರಿಲ್ಲದ ಕಾರಣ ತಿದ್ದುವ ಅವಕಾಶ ಕಡಿಮೆ. ಇದು ಸೂರ್ಯಕಾಂತಿಯ ಕುಟುಂಬದ್ದು ಎನ್ನುವುದು ನಿಜಕ್ಕೂ ಬೆರಗಿನ ಸಂಗತಿ. ಎರೆಹೊಲದ ಕುಸುಬೆಗೆ, ಮನೆ ಮುಂದಿನ ಸೇವಂತಿಗೆಗೆ ಈ ಬಟಾಣಿ ಬಳ್ಳಿ ದಾಯಾದಿ. ಚೆನ್ನಾಗಿ ಬೆಳೆದಾಗ ಬಿಡುವ ಪುಟ್ಟ ಬಿಳಿ ಹೂವಿಗೆ ದಾಲ್ಚಿನ್ನಿಯ ವಾಸನೆ ಇರುತ್ತದೆ. ಸಾರಿನ ಮನೆಯಲ್ಲಿ ಅದು ಹೂ ಬಿಟ್ಟದ್ದು ಒಂದೇ ಸಲ; ಆ ದಿನ ಮನೆಯವರು ಪಲಾವು ಮಾಡಿದ್ದರಿಂದ ವಾಸನೆ ಯಾವುದರದೆಂದು ತೀರ್ಮಾನವಾಗಲಿಲ್ಲ.

ಎರಡನೆಯದು ಕತ್ತೆಬಾಲ. ಮೆಕ್ಸಿಕೊ ದೇಶದ್ದು, ಸಸ್ಯಶಾಸ್ತ್ರಿಗಳು ಹೆಸರಿಟ್ಟಿದ್ದು 1938ರಲ್ಲಿ. ಅಕ್ಕಿಕಾಳನ್ನು ಉಬ್ಬಿಸಿದಂಥ ಬೂದುಹಸಿರು ಎಲೆಗಳು ಒತ್ತೊತ್ತಾಗಿ ಹೆಣೆದುಕೊಂಡು ಬಾಲದಂತೆ ಇಳಿಯುತ್ತವೆ. ಮುಟ್ಟಿದರೆ ಉದುರುತ್ತವೆ. ಮೂರನೆಯದು ಹೃದಯದ ಸರ: ತೆಳ್ಳನೆಯ ಬಳ್ಳಿ, ಜೋಡಿ ಜೋಡಿ ಹೃದಯದಾಕಾರದ ಎಲೆ, ನಡುನಡುವೆ ಗಂಟಿನಂಥ ಪುಟ್ಟ ಗೆಡ್ಡೆ. ಮನಿ ಪ್ಲಾಂಟನ್ನು ಮಾತ್ರ ಸಾರು ಗಿಡ ಎಂದೇ ಒಪ್ಪುವುದಿಲ್ಲ. ಅದು ರಸಗಿಡವಲ್ಲ ಎಂಬ ಮಾತು ಸರಿಯೇ. ಆದರೆ ನಿಜವಾದ ಸಿಟ್ಟು ಬೇರೆ. ಅದು ಯಾರ ಮನೆಯಲ್ಲಾದರೂ ಬರುತ್ತದೆ.

ಗಿಡ ತರಿಸುವುದೇ ಒಂದು ಅಧ್ಯಾಯ. ಕರ್ನೂಲಿನ ನರ್ಸರಿಗಳಲ್ಲಿ ಜೇಡ್ ಗಿಡ ಸಿಗುತ್ತದೆ. ಜೇಡ್ ಎಂದು ಕೊಡುವುದು ಬಹುಪಾಲು ನಿಜವಾದ ಜೇಡ್ ಅಲ್ಲ, ಪೋರ್ಟುಲಕೇರಿಯ ಎಂಬ ಬೇರೊಂದು ಆಫ್ರಿಕದ ಪೊದೆ. ಸಾರು ಇದನ್ನು ನರ್ಸರಿಯವರಿಗೆ ವಿವರಿಸುತ್ತಾರೆ, ಅವರು ‘ಔನು ಸಾರು’ ಎಂದು ಅದೇ ದರಕ್ಕೆ ಕೊಡುತ್ತಾರೆ. ಇಳಿಬೀಳುವ ಬಳ್ಳಿ ಬೇಕಾದರೆ ಕಾಲಿಂಪಾಂಗ್‌ನಿಂದಲೇ ಆಗಬೇಕು. ಕಳ್ಳಿ ಜಾತಿಯ ಗಿಡಗಳಿಗೆ ಆ ಹಿಮಾಲಯದ ಊರು ಹೆಸರುವಾಸಿ. ತಂಪು ಗುಡ್ಡದಲ್ಲಿ ಹುಟ್ಟಿದ ಗಿಡ, ಬೇರಿನ ಮಣ್ಣು ಕೊಡವಿಸಿಕೊಂಡು, ಕಾಗದದಲ್ಲಿ ಸುತ್ತಿಸಿಕೊಂಡು, ಒಂದು ವಾರ ಕತ್ತಲಲ್ಲಿ ಪ್ರಯಾಣ ಮಾಡಿ ನಡಿಗಡ್ಡದ ಬಿಸಿಲಿಗೆ ಕಣ್ಣು ಬಿಡುತ್ತದೆ. ಪಿನ್‌ಕೋಡಿನಲ್ಲಿ ತಪ್ಪಾದರೆ ಪಾರ್ಸೆಲ್ಲು ವಿಜಯವಾಡದ ಹತ್ತಿರದ ಇನ್ನೊಂದು ಉಂಡವಳ್ಳಿಗೆ ಹೋಗುತ್ತದೆ. ಅದು ಗುಹಾಲಯಗಳ ಊರು, ಅಲ್ಲಿ ಅನಂತಶಯನ ಒಂದೂವರೆ ಸಾವಿರ ವರ್ಷದಿಂದ ಮಲಗಿದ್ದಾನೆ. ಪಾರ್ಸೆಲ್ಲೂ ಅಲ್ಲಿ ಸ್ವಲ್ಪ ಮಲಗಿಯೇ ಬರುತ್ತದೆ. ಬಿಚ್ಚಿದಾಗ ಅರ್ಧ ಮಣಿ ಸುಕ್ಕಾಗಿರುತ್ತವೆ. ಬಂದ ದಿನವೇ ನೀರು ಹಾಕದೆ, ನೆರಳಲ್ಲಿ ಎರಡು ದಿನ ಬಿಟ್ಟು ಒಣ ಮಿಶ್ರಣದಲ್ಲಿ ನೆಡುವುದು ಕ್ರಮ. ಸಾರು ಕ್ರಮವನ್ನು ಬಲ್ಲರು. ‘ಪಾಪ, ದೂರದಿಂದ ಬಂದದ’ ಎಂದು ಒಂದು ಲೋಟ ನೀರು ಹಾಕುತ್ತಾರೆ.

ನೇತುಹಾಕುವ ಜಾಗವನ್ನು ಮನೆಯವರನ್ನು ಕೇಳದೆ ನಿರ್ಧರಿಸಲಾಗುತ್ತದೆ. ಪಡಸಾಲೆಯ ಸ್ಲ್ಯಾಬಿನಲ್ಲಿ ತೊಟ್ಟಿಲಿಗೆಂದು ಬಿಟ್ಟಿದ್ದ ಕಬ್ಬಿಣದ ಕೊಂಡಿಯಲ್ಲಿ ಇಬ್ಬರು ಮಕ್ಕಳು, ಮೂವರು ಮೊಮ್ಮಕ್ಕಳು ತೂಗಿ ದೊಡ್ಡವರಾಗಿರುತ್ತಾರೆ. ಈಗ ಅಲ್ಲಿ ಕತ್ತೆಬಾಲ ತೂಗುತ್ತದೆ. ಕುಂಡವನ್ನು ಸ್ಲ್ಯಾಬಿಗೆ ಅಂಟಿದಂತೆ ಎತ್ತರಕ್ಕೆ ಕಟ್ಟುವುದು ಎಲ್ಲರೂ ಮಾಡುವ ತಪ್ಪು: ಇಳಿಬಿದ್ದ ಬಳ್ಳಿಗೆ ಬೆಳಕು ಸಿಗುತ್ತದೆ, ಕುಂಡದ ನೆತ್ತಿಗೆ ಸಿಗುವುದಿಲ್ಲ. ನೆತ್ತಿ ಬೋಳಾಗಿ ಸುತ್ತ ಮಾತ್ರ ನಾಲ್ಕು ಎಳೆ ಉಳಿಯುತ್ತವೆ. ಸಾರು ಈ ಲಕ್ಷಣವನ್ನು ಬಹಳ ತಡವಾಗಿ ಗುರುತಿಸಿದರು. ಕನ್ನಡಿಯಲ್ಲಿ ದಿನಾ ನೋಡುವುದರಿಂದ ಅದು ಸಹಜವೆಂದೇ ಅನ್ನಿಸಿತ್ತು. ಕುಂಡ ಕಿಟಕಿಯ ಮಟ್ಟಕ್ಕೆ ಇಳಿಯಬೇಕು, ಆ ಕಿಟಕಿ ಮೂಡಣಕ್ಕಿರಬೇಕು. ಬೆಳಗಿನ ಎಳೆಬಿಸಿಲು ಎರಡು ಮೂರು ತಾಸು ಬಿದ್ದರೆ ಸಾಕು. ಬೆಳಕು ಸಾಲದಿದ್ದರೆ ಬಳ್ಳಿ ಉದ್ದಕ್ಕೆ ಹರಿದು ಮಣಿಯಿಂದ ಮಣಿಗೆ ದೂರವಾಗುತ್ತದೆ. ಪಡುವಣ ಬಿಸಿಲು ಬಿದ್ದರೆ ಮಣಿ ಬೇಯುತ್ತದೆ. ಮಣಿಯ ದುಂಡಗೂ ಕಾರಣವಿದೆ. ದುಂಡಾದಷ್ಟೂ ಬಿಸಿಲಿಗೆ ಒಡ್ಡುವ ಮೈ ಕಡಿಮೆ, ಒಳಗೆ ಹಿಡಿಯುವ ನೀರು ಹೆಚ್ಚು. ಒಂದು ಬದಿಗೆ ಉದ್ದಕ್ಕೆ ಪಾರದರ್ಶಕ ಗೆರೆಯೊಂದು ಇದ್ದು, ಅದು ಬೆಳಕನ್ನು ಒಳಗೆ ಬಿಡುವ ಕಿಟಕಿ. ಗಣಿತದ ಸಾರಿಗೆ ಗೋಳದ ಮೇಲ್ಮೈಯ ಸೂತ್ರ ಮೂವತ್ತು ವರ್ಷದ ನಂತರ ಉಪಯೋಗಕ್ಕೆ ಬಂದದ್ದು ಇಲ್ಲಿಯೇ.

ಮಣ್ಣಿನ ವಿಷಯದಲ್ಲಿ ಸಾರಿಗೆ ಊರಿನ ಮೇಲೆ ಮುನಿಸು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ವಾರಗಟ್ಟಲೆ ಬಿಡುವುದಿಲ್ಲ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಹತ್ತಿಗೆ ವರವಾದದ್ದು ಈ ಬಳ್ಳಿಗೆ ಶಾಪ. ಬೇಕಾದ್ದು ನೀರು ಹಾಕಿದ ಕೂಡಲೇ ತೂತಿನಿಂದ ಇಳಿದುಹೋಗುವ ಮಿಶ್ರಣ: ಒಂದು ಪಾಲು ಮಸಾರಿ ಮಣ್ಣು ಅಥವಾ ಹಳೆಯ ಗೊಬ್ಬರ, ಎರಡು ಪಾಲು ದಪ್ಪ ಉಸುಕು, ಇಟ್ಟಿಗೆ ಚೂರು, ಒಂದು ಹಿಡಿ ಇದ್ದಿಲು. ಉಸುಕು ತುಂಗಭದ್ರೆಯದು, ಇದ್ದಿಲು ಇಸ್ತ್ರಿ ಬಂಡಿಯದು, ಇಟ್ಟಿಗೆ ಪಕ್ಕದವರು ಕಟ್ಟುತ್ತಿರುವ ಮನೆಯದು. ಉಸುಕಿನಲ್ಲಿ ಸಣ್ಣ ಪುಡಿ ಉಳಿದರೆ ಸಿಮೆಂಟಿನಂತೆ ಕೂತುಬಿಡುವುದರಿಂದ ಜರಡಿ ಹಿಡಿಯಬೇಕು. ಮನೆಯಲ್ಲಿ ಜರಡಿ ಒಂದೇ ಇರುತ್ತದೆ, ಅದು ಜೋಳದ ಹಿಟ್ಟಿನದು. ಹೀಗಾಗಿ ಸಾರಿನ ಮನೆಯ ರೊಟ್ಟಿ ಕೆಲವು ದಿನ ಹಲ್ಲಿಗೆ ಕರಕರ ಎನ್ನುತ್ತದೆ. ಅದನ್ನು ಊರಿನವರು ಗಮನಿಸಿದ್ದಾರೆ, ಹೇಳುವುದಿಲ್ಲ.

ನೀರು ಇಡೀ ಪುರಾಣದ ಮುಖ್ಯ ಪರ್ವ. ಸಾರು ಶಾಲೆಯ ಹಳೆಯ ಹಾಜರಿ ಪುಸ್ತಕದ ಮಾದರಿಯಲ್ಲಿ ಒಂದು ಪುಸ್ತಕ ಇಟ್ಟಿರುತ್ತಾರೆ. ಎಡಗಡೆ ಕುಂಡಗಳ ಹೆಸರು, ಮೇಲೆ ತಾರೀಖು, ನೀರು ಹಾಕಿದ ದಿನ ಒಂದು ಗೀಟು, ಸತ್ತ ದಿನ ‘ಗೈ’, ಅಂದರೆ ಗೈರುಹಾಜರಿ. ಪುಸ್ತಕದ ಪ್ರಕಾರ ಹದಿನೈದು ದಿನಕ್ಕೊಂದು ಗೀಟು. ಆದರೆ ಪುಸ್ತಕಕ್ಕೆ ಸೇರದ ನೀರು ಬೇರೆ ಇದೆ. ಬೆಳಿಗ್ಗೆ ಮುಖ ತೊಳೆದು ಬಂದವರು ಕೈಯಲ್ಲುಳಿದ ಹನಿ ಚಿಮುಕಿಸುತ್ತಾರೆ. ಮಧ್ಯಾಹ್ನ ಸೆಕೆ ತಡೆಯದೆ ಎದ್ದವರು ‘ನಮಗ ಹಿಂಗಾದ್ರ ಅದಕ್ಕ ಹೆಂಗ’ ಎಂದು ಅರ್ಧ ಲೋಟ ಹಾಕುತ್ತಾರೆ. ರಾತ್ರಿ ಕರೆಂಟು ಹೋದಾಗ, ಕಾಣುವುದಿಲ್ಲವೆಂಬ ಧೈರ್ಯದಲ್ಲಿ, ಇನ್ನರ್ಧ ಲೋಟ. ಈ ಗಿಡಗಳು ಬಾಯಾರಿ ಸತ್ತದ್ದು ಅಪರೂಪ. ನೂರಕ್ಕೆ ತೊಂಬತ್ತು ಪಾಲು ಪ್ರೀತಿಯಿಂದ ಸಾಯುತ್ತವೆ ಎಂದು ಅಂದಾಜು ಹೇಳಬಹುದು, ಹಾಜರಿ ಪುಸ್ತಕ ಇದನ್ನು ಅಲ್ಲಗಳೆಯುವುದಿಲ್ಲ.

ಪರೀಕ್ಷೆ ಸುಲಭದ್ದು. ಒಂದು ಬೇವಿನ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆದಾಗ ಒಣಗಿದ್ದರೆ ನೀರಿಗೆ ಹೊತ್ತಾಗಿದೆ, ಮಣ್ಣು ಮೆತ್ತಿಕೊಂಡಿದ್ದರೆ ಇಲ್ಲ. ಮಣಿ ಗಟ್ಟಿಯಾಗಿದ್ದರೆ ಹೊಟ್ಟೆ ತುಂಬಿದೆ, ಸುಕ್ಕಾಗಿದ್ದರೆ ಹಸಿವು. ಮೋಸ ಹೋಗುವುದು ಮೂರನೆಯ ಸ್ಥಿತಿಯಲ್ಲಿ: ಮಣ್ಣು ಒದ್ದೆ, ಮಣಿ ಸುಕ್ಕು. ಬೇರು ಕೊಳೆತಾಗ ಹಾಗಾಗುತ್ತದೆ, ನೀರು ಎದುರಿಗಿದ್ದರೂ ಕುಡಿಯುವ ಬಾಯಿಲ್ಲ. ಸುಕ್ಕನ್ನು ಕಂಡು ಸಾರು ಮತ್ತೆ ನೀರು ಹಾಕುತ್ತಾರೆ. ಆ ಹೊತ್ತಿಗೆ ಮಾಡಬೇಕಾದ್ದು ತದ್ವಿರುದ್ಧ: ಗಿಡ ಕಿತ್ತು, ಕಪ್ಪಾದ ಬೇರು ಕತ್ತರಿಸಿ, ಚೆನ್ನಾಗಿರುವ ಎಳೆಗಳನ್ನು ಎರಡು ದಿನ ಒಣಗಿಸಿ ಹೊಸದಾಗಿ ನೆಡುವುದು.

ಯಾವ ನೀರು ಎಂಬುದೂ ಚರ್ಚೆಯ ವಿಷಯ. ಬೋರಿನ ಸವುಳು ನೀರು ಹಾಕಿದ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ, ಬೇರಿಗೂ ಅದು ಒಳ್ಳೆಯದಲ್ಲ. ಮಳೆನೀರು ಹಿಡಿದಿಟ್ಟುಕೊಳ್ಳುವುದು ಲೇಸು. ಅದು ಮುಗಿದ ಮೇಲೆ ಸಾರಿನ ಕಣ್ಣು 20 ಲೀಟರಿನ ಕ್ಯಾನಿನ ಮೇಲೆ ಬೀಳುತ್ತದೆ. “ಏನ್ರೀ, ಕತ್ತಿಬಾಲಕ್ಕ ಕ್ಯಾನಿನ ನೀರು, ನನಗ ಬೋರಿನ ನೀರೇನು?” ಎಂಬ ಪ್ರಶ್ನೆ ಅಡುಗೆಮನೆಯಿಂದ ಬರುತ್ತದೆ. ಇದೇ ಬಾಯಿ ಮುತ್ತಿನ ಸರದ ಬಗ್ಗೆಯೂ ಒಂದು ಮಾತು ಆಡಿದ್ದುಂಟು. ಮುತ್ತಿನ ಪೇಟೆಯೆಂದು ಹೆಸರಾದ ಹೈದರಾಬಾದು ಬಸ್ಸಿಗೆ ಅರ್ಧ ದಿನದ ದಾರಿ, ಮದುವೆಯಾಗಿ ಮೂವತ್ತೈದು ವರ್ಷ, ಮನೆಗೆ ಬಂದ ಮೊದಲ ಮುತ್ತಿನ ಸರ ಕುಂಡದಲ್ಲಿ ಬಂತು.

ಸಾರು ಬಂದವರಿಗೆಲ್ಲ ವಿವರಿಸುವ ಒಂದು ಸಂಗತಿ ಮಾತ್ರ ಕೇಳುವಂಥದ್ದು. ಬೇರೆ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಗಾಳಿ ಎಳೆದುಕೊಳ್ಳುತ್ತವೆ, ಜೊತೆಗೆ ನೀರನ್ನೂ ಕಳೆದುಕೊಳ್ಳುತ್ತವೆ. ರಸಗಿಡಗಳಲ್ಲಿ ಹಲವು ಹಗಲು ಬಾಗಿಲು ಹಾಕಿ, ರಾತ್ರಿ ತಂಪಿನಲ್ಲಿ ತೆರೆದು, ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಟ್ಟು ಹಗಲು ಬೆಳಕಿನಲ್ಲಿ ಬಳಸುತ್ತವೆ. ಇದರ ಸುಳಿವು ಸಿಕ್ಕಿದ್ದು ನಮ್ಮ ನೆಲದಲ್ಲೇ. ಟಿಪ್ಪುವಿನ ನಂತರ ಕೆಲಕಾಲ ಲಾಲ್‌ಬಾಗಿನ ಉಸ್ತುವಾರಿ ನೋಡಿದ ಬೆಂಜಮಿನ್ ಹೇನ್ ಎಂಬ ಜರ್ಮನ್ ಸಸ್ಯಶಾಸ್ತ್ರಿ ಕಾಡುಬಸಳೆಯ ಎಲೆಯನ್ನು ಹೊತ್ತು ಹೊತ್ತಿಗೆ ಜಗಿದು ನೋಡಿದ: ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ. ಅವನ ಪತ್ರ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು. ತೆಲುಗಿನವರು ರಣಪಾಲ ಎನ್ನುವ ಅದೇ ಗಿಡ, ಮಕ್ಕಳು ಪುಸ್ತಕದ ನಡುವೆ ಎಲೆಯಿಟ್ಟು ಅಂಚಿನಲ್ಲಿ ಮರಿ ಮೂಡುವುದನ್ನು ಕಾಯುವಂಥದ್ದು. ಸಾರು ಬೆಳಿಗ್ಗೆ ಆರಕ್ಕೆ ಒಂದು ಚೂರು, ಸಂಜೆ ನಾಲ್ಕಕ್ಕೆ ಒಂದು ಚೂರು ಜಗಿದು ತೋರಿಸುತ್ತಾರೆ. ಬಂದವರಿಗೂ ಜಗಿಸುತ್ತಾರೆ. ಬೆಳಿಗ್ಗೆ ಬಂದವರು ಸಂಜೆಯ ಚೂರಿಗಾಗಿ ಕಾಯಬೇಕಾಗುವುದರಿಂದ ಈಚೆಗೆ ಬೆಳಿಗ್ಗೆ ಯಾರೂ ಬರುವುದಿಲ್ಲ. ಮುತ್ತಿನ ಸರವನ್ನು ಹೀಗೆ ಜಗಿಯಬಾರದು, ಅದರ ರಸ ಹೊಟ್ಟೆಗೆ ಆಗದು. ಚಿಕ್ಕ ಮಕ್ಕಳಿಗೂ ಬೆಕ್ಕಿಗೂ ಎಟುಕದಂತೆ ಇಡುವುದು ಒಳ್ಳೆಯದು.

ಬೇಸಿಗೆಯಲ್ಲಿ ಈ ಬಳ್ಳಿಗಳು ಬೆಳೆಯುವುದನ್ನು ಬಿಟ್ಟು ಉಸಿರು ಹಿಡಿದು ಕೂರುತ್ತವೆ. ಆಗ ನೀರು ಇನ್ನೂ ಕಡಿಮೆ, ಗೊಬ್ಬರ ಬೇಡವೇ ಬೇಡ, ಗಾಳಿಯಾಡುವ ನೆರಳು ಬೇಕು. ಸಾರು ಅವನ್ನು ಕೂಲರಿನ ಮುಂದೆ ಸಾಲಾಗಿ ಕೂರಿಸುತ್ತಾರೆ. ಕೂಲರಿನದು ತೇವದ ಗಾಳಿ. ತೇವ ಮತ್ತು ಸೆಕೆ ಸೇರಿದರೆ ಕೊಳೆ ಹತ್ತುತ್ತದೆ. ಕೂಲರು ಗಿಡದ ಕಡೆ ತಿರುಗಿದ್ದರಿಂದ ಮನೆಮಂದಿಗೂ ಉಪಯೋಗವಿಲ್ಲ. ಅಕ್ಟೋಬರಿನಿಂದ ಫೆಬ್ರುವರಿಯವರೆಗಿನ ನಾಲ್ಕೈದು ತಿಂಗಳಷ್ಟೇ ಈ ಸೀಮೆಯಲ್ಲಿ ಅವು ಸಂತೋಷವಾಗಿರುವುದು. ಸಾರಿನ ಮುಖದಲ್ಲಿ ನಗು ಕಾಣುವುದೂ ಆ ನಾಲ್ಕೈದು ತಿಂಗಳೇ.

ಬಿಳಿ ಹಿಟ್ಟು ಬಳಿದಂಥ ಹುಳು ಎಲೆಯ ಸಂದಿಯಲ್ಲಿ ಕಂಡ ದಿನ ಮನೆಯಲ್ಲಿ ಊಟ ತಡವಾಗುತ್ತದೆ. ಅದು ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒಂದೊಂದನ್ನೇ ಒರೆಸಿ, ವಾರಕ್ಕೊಮ್ಮೆ ಬೇವಿನೆಣ್ಣೆ ನೀರು ಚಿಮುಕಿಸಿದರೆ ಹತೋಟಿಗೆ ಬರುತ್ತದೆ. ಸಾರು ಭೂತಗನ್ನಡಿ ಹಿಡಿದು ಇದನ್ನು ಮಾಡುತ್ತಿರುವಾಗ ಹತ್ತಿಬೀಜದ ಬೆಳೆಗಾರ ನೆರೆಯವರು ಬಾಗಿಲಲ್ಲಿ ನಿಂತಿರುತ್ತಾರೆ. ಈ ಸೀಮೆಯ ಹೈಬ್ರಿಡ್ ಹತ್ತಿಬೀಜ ದೇಶಕ್ಕೆಲ್ಲ ಹೋಗುತ್ತದೆ. ಹೂವಿಗೆ ಹೂವು ಮುಟ್ಟಿಸುವ ಕೆಲಸದಲ್ಲಿ ಅವರ ಕೈ ಪಳಗಿದ್ದು, ಹಿಟ್ಟು ತಿಗಣೆಯನ್ನು ಎಕರೆಗಟ್ಟಲೆ ನೋಡಿದವರು. “ಸಾರು, ಎಷ್ಟದಾವ?” ಎಂದು ಕೇಳುತ್ತಾರೆ. “ಹದಿನೇಳು” ಎಂದು ಸಾರು ತಲೆಯೆತ್ತದೆ ಹೇಳುತ್ತಾರೆ. ನೆರೆಯವರು ಏನೂ ಹೇಳದೆ ಹೋಗುತ್ತಾರೆ. ಮರುದಿನ ಹೊಲದ ಬದುವಿನಿಂದ ಒಂದು ತೋಳುದ್ದದ ಮಂಗರಬಳ್ಳಿ ಕಿತ್ತುತಂದು ಕಟ್ಟೆಯ ಮೇಲಿಡುತ್ತಾರೆ: “ಇದೂ ಅಂಥದ ಬಳ್ಳಿ ಅಲ್ಲೇನ್ರಿ? ಇದಕ್ಕ ಯಾರೂ ಏನೂ ಮಾಡಂಗಿಲ್ಲ. ಚಟ್ನಿನೂ ಆಗ್ತದ.” ಅವರ ಮಾತು ಶಾಸ್ತ್ರಕ್ಕೆ ಸರಿ. ನಾಲ್ಕು ಮೂಲೆಯ ಕಾಂಡದ ಮಂಗರಬಳ್ಳಿ, ತೆಲುಗಿನ ನಲ್ಲೇರು, ದ್ರಾಕ್ಷಿಯ ಕುಟುಂಬದ ಅಪ್ಪಟ ರಸಬಳ್ಳಿ. ಕುಂಡದಲ್ಲಿ ನೆಟ್ಟು ಕಿಟಕಿಯಲ್ಲಿ ತೂಗಿದರೆ ಚೆಂದವಾಗಿಯೇ ಇಳಿಯುತ್ತದೆ. ಆದರೆ ಅದಕ್ಕೆ ಪಾರ್ಸೆಲ್ಲಿಲ್ಲ, ಹೊಸ ಹೆಸರಿಲ್ಲ, ಸಾಯುವ ಅಭ್ಯಾಸವಿಲ್ಲ. ಸಾರು ಅದನ್ನು ಹಾಜರಿ ಪುಸ್ತಕಕ್ಕೆ ಸೇರಿಸುವುದಿಲ್ಲ.

ಇನ್ನೊಂದು ಗಿಡವೂ ಪುಸ್ತಕದಲ್ಲಿಲ್ಲ. ದೃಷ್ಟಿ ತಾಗದಿರಲೆಂದು ತಲೆಬಾಗಿಲಿಗೆ ಬುಡ ಮೇಲಾಗಿ ಕಟ್ಟಿದ ಲೋಳೆಸರ. ಅದಕ್ಕೆ ಕುಂಡವಿಲ್ಲ, ಮಣ್ಣಿಲ್ಲ, ನೀರಿಲ್ಲ. ಗೃಹಪ್ರವೇಶದ ದಾರದಲ್ಲಿ ತಲೆಕೆಳಗಾಗಿ ತೂಗುತ್ತ, ತಿಂಗಳುಗಟ್ಟಲೆ ಹಸಿರಾಗಿದ್ದು, ಎಲೆಯ ತುದಿಯನ್ನು ಬೆಳಕಿನ ಕಡೆ ಮೇಲಕ್ಕೆ ಬಾಗಿಸಿಕೊಂಡಿರುತ್ತದೆ. ಮನೆಯಲ್ಲಿ ಜೋತುಬಿದ್ದ ರಸಗಿಡಗಳ ಪೈಕಿ ಅತ್ಯಂತ ಆರೋಗ್ಯವಾಗಿರುವುದು ಅದೇ. ಅದನ್ನು ಯಾರೂ ನೋಡಿಕೊಳ್ಳುವುದಿಲ್ಲ. ಸಾರು ದಿನಕ್ಕೆ ಎಂಟು ಸಲ ಅದರ ಕೆಳಗಿನಿಂದ ನೀರಿನ ಲೋಟ ಹಿಡಿದು ಹಾಯುತ್ತಾರೆ.

ವಂಶಾಭಿವೃದ್ಧಿಗೆ ಹೆಚ್ಚಿನ ಶ್ರಮವಿಲ್ಲ. ಮುತ್ತಿನ ಸರದ ಒಂದು ಗೇಣು ಎಳೆಯನ್ನು ಸುರುಳಿ ಮಾಡಿ ಮಿಶ್ರಣದ ಮೇಲೆ ಮಲಗಿಸಿ ಅಲ್ಲಲ್ಲಿ ಒತ್ತಿದರೆ ಗೆಣ್ಣುಗಳಿಂದ ಬೇರು ಇಳಿಯುತ್ತದೆ. ಕತ್ತೆಬಾಲಕ್ಕೆ ಅಷ್ಟೂ ಬೇಡ, ಉದುರಿದ ಎಲೆಯೇ ಬೇರು ಬಿಡುತ್ತದೆ. ಇದು ಸಾರಿಗೆ ತಿಳಿದದ್ದು ಅಳಿಯನಿಂದ. ಎತ್ತರದ ಆಳು, ಮೊದಲ ದೀಪಾವಳಿಗೆ ಬಂದಾಗ ಪಡಸಾಲೆಯಲ್ಲಿ ಹಣೆ ಕುಂಡಕ್ಕೆ ಬಡಿದು ಜಲ್ಲೆಂದು ಎಲೆ ಸುರಿದವು. ಸಾರು ಓಡಿಬಂದು ಮಂಡಿಯೂರಿ ಎಲೆ ಆರಿಸತೊಡಗಿದರು. ಹಣೆಗೆ ಅರಿಶಿನ ಹಚ್ಚಿದವರು ಅತ್ತೆ. ಬಿದ್ದದ್ದು 43 ಎಲೆ, ಚಿಗುರಿದ್ದು 31. ಪುಸ್ತಕದಲ್ಲಿ ತಾರೀಖಿನ ಮುಂದೆ ‘ಅಳಿಯ’ ಎಂದು ಬರೆದಿದೆ. ಊರಿನ ಅರ್ಧ ಕಿಟಕಿಗಳಲ್ಲಿ ಈಗ ತೂಗುವುದು ಆ ಹಣೆಯ ಸಂತಾನ.

ಎಳೆ ಬೇಕಾದವರು ದಸರಾ ಕಳೆದ ಮೇಲೆ ಹೋಗಬೇಕು. ಮೇ ತಿಂಗಳಲ್ಲಿ ಕೇಳಿದರೆ ಕೊಡುವುದಿಲ್ಲ, ಕೊಟ್ಟರೂ ಬದುಕುವುದಿಲ್ಲ. ಹಳೆಯ ಪೇಪರು ಒಯ್ಯಬೇಕು, ಪ್ಲಾಸ್ಟಿಕ್ ಚೀಲ ಆಗದು. ಮನೆಗೆ ತಂದು ಎರಡು ದಿನ ಒಣಗಿಸಿ ನೆಟ್ಟು, ಒಂದು ವಾರ ನೀರಿನ ಸುದ್ದಿಗೆ ಹೋಗಬಾರದು. ಕದ್ದ ಗಿಡ ಚೆನ್ನಾಗಿ ಬರುತ್ತದೆಂಬ ನಂಬಿಕೆಯಿಂದ, ಸಾರು ಚಹಾ ಹೇಳಲು ಒಳಗೆ ಹೋದಾಗ ಚಿವುಟುವವರೂ ಇದ್ದಾರೆ. ಯಾವ ಸರದಲ್ಲಿ ಎಷ್ಟು ಮಣಿ ಎಂಬುದು ಹಾಜರಿ ಪುಸ್ತಕದ ಕೊನೆಯ ಪುಟದಲ್ಲಿದೆ, ಪ್ರತಿ ಭಾನುವಾರ ಎಣಿಕೆಯಾಗುತ್ತದೆ.